ಎರಡು ಕಂದುಗಳ ನಡುವೆ

ಹವಳದ ದಿಬ್ಬದ ಆರೋಗ್ಯವನ್ನು ತಿಳಿಸಿಕೊಡಲು ಬರೆದ ಶೈಕ್ಷಣಿಕ ಚಿತ್ರಗಳನ್ನು ಸಾಲಾಗಿ ಹರಡಿಕೊಂಡು ನೋಡಿದರೆ ಬಹುಪಾಲು ಒಂದೇ ಅಚ್ಚಿನವು. ಎಡಗಡೆ ಗುಲಾಬಿ, ನೇರಳೆ, ಕಿತ್ತಳೆ, ಹಳದಿ ಹವಳ. ಅದರ ಸುತ್ತ ಪಟ್ಟೆಪಟ್ಟೆ ಮೀನು. ಬಲಗಡೆ ಬೆಳ್ಳಗಾದ ಹವಳ, ಮೀನು ಮಾಯ. ನಡುವೆ ಒಂದು ಬಾಣ, ಬಾಣದ ಮೇಲೊಂದು ಥರ್ಮಾಮೀಟರು. ಇದನ್ನು ನೋಡಿದ ಮಗು ಎರಡು ಪಾಠ ಕಲಿತು ಏಳುತ್ತದೆ: ಬಣ್ಣಬಣ್ಣವಾಗಿದ್ದರೆ ಹವಳ ಚೆನ್ನಾಗಿದೆ, ಬೆಳ್ಳಗಾದರೆ ಸತ್ತಿದೆ. ಎರಡೂ ತಪ್ಪು. ನನ್ನ ತಕರಾರು ಚಿತ್ರಕಾರರ ಕೌಶಲದ ಮೇಲಲ್ಲ. ಆ ಕೈಗಳು ಚೆನ್ನಾಗಿ ಪಳಗಿವೆ. ಯಾವುದನ್ನು ಆರೋಗ್ಯದ ಗುರುತು ಎಂದು ಆರಿಸಿಕೊಂಡರು ಎಂಬಲ್ಲಿ ಎಡವಿದ್ದಾರೆ.

ದಿಬ್ಬ ಕಟ್ಟುವ ಹವಳದ ಜೀವಿ, ಅಂದರೆ ಪಾಲಿಪ್, ತನ್ನಷ್ಟಕ್ಕೆ ಹೆಚ್ಚುಕಡಿಮೆ ಪಾರದರ್ಶಕ. ಅದು ಕೂತಿರುವ ಸುಣ್ಣದ ಗೂಡು ಬಿಳಿ. ಪಾಲಿಪ್ಪಿನ ಮೈಯೊಳಗೆ, ಒಂದೊಂದು ಚದರ ಸೆಂಟಿಮೀಟರಿನಲ್ಲೂ ಲಕ್ಷಗಟ್ಟಲೆ ಏಕಕೋಶದ ಪಾಚಿ ವಾಸವಾಗಿರುತ್ತದೆ. ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಆತಿಥೇಯನಿಗೆ ಕೊಡುವುದು ಈ ಪಾಚಿಯೇ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇಕಡಾ 90ರವರೆಗೂ ಅಲ್ಲಿಂದ ಬರಬಲ್ಲದು. ಆ ಪಾಚಿಯ ಬಣ್ಣ ಹೊನ್ನು ಬೆರೆತ ಕಂದು. ಹೀಗಾಗಿ ಹೊಟ್ಟೆ ತುಂಬಿದ, ನೆಮ್ಮದಿಯಾಗಿರುವ ದಿಬ್ಬದ ಬಹುಭಾಗ ಕಂದು, ಮಾಸಲು ಹಸಿರು, ಮಣ್ಣು ಹಳದಿ. ಗುಲಾಬಿ, ನೇರಳೆಗಳು ಇಲ್ಲವೆಂದಲ್ಲ. ಅವು ಹವಳ ತಾನೇ ತಯಾರಿಸುವ ಪ್ರೋಟೀನುಗಳ ಬಣ್ಣ, ಹಲವು ಹವಳಗಳಲ್ಲಿ ಸಹಜವಾಗಿಯೇ ಇರುತ್ತವೆ. ಆದರೆ 2020ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟ ಸಂಗತಿ ಚಿತ್ರಕಾರರೆಲ್ಲರ ನಿದ್ದೆ ಕೆಡಿಸಬೇಕಾದದ್ದು. ಪಾಚಿ ಖಾಲಿಯಾದಾಗ ಬೆಳಕು ಬಿಳಿ ಗೂಡಿಗೆ ಬಡಿದು ಹವಳದ ಮೈಯೊಳಗೇ ಓಡಾಡತೊಡಗುತ್ತದೆ. ಆ ಬೆಳಕಿನ, ಅದರಲ್ಲೂ ನೀಲಿ ಬೆಳಕಿನ, ಹೊಡೆತಕ್ಕೆ ಕೆಲವು ಹವಳಗಳು ರಕ್ಷಣೆಗೆಂದು ಈ ಪ್ರೋಟೀನುಗಳನ್ನು ಇನ್ನಷ್ಟು ತಯಾರಿಸುತ್ತವೆ. ಆಗ ಅವು ಕಣ್ಣು ಕೋರೈಸುವ ಗುಲಾಬಿ, ನೀಲಿ, ಹಳದಿಗೆ ತಿರುಗುತ್ತವೆ. 2017ರ ‘ಚೇಸಿಂಗ್ ಕೋರಲ್’ ಸಾಕ್ಷ್ಯಚಿತ್ರದಲ್ಲಿ ನ್ಯೂ ಕ್ಯಾಲೆಡೋನಿಯಾದ ಹವಳಗಳು ಹೀಗೆ ಹೊಳೆಯುವುದನ್ನು ಲೋಕವೆಲ್ಲ ನೋಡಿತು. ಪೋಸ್ಟರಿನ ಎಡಗಡೆ ‘ಆರೋಗ್ಯವಂತ’ ಎಂದು ಬರೆದು ಬಳಿಯುವ ಆ ಬಣ್ಣ ಸಂಕಟದ ಬಣ್ಣವೂ ಆಗಿರಬಹುದು.

ಬಲಗಡೆಯ ಬಿಳಿಯ ಕಥೆಯೂ ಇಷ್ಟೇ ಗೋಜಲು. ಬೆಳ್ಳಗಾದ ಹವಳ ಹಸಿದಿದೆ, ಸತ್ತಿಲ್ಲ. ನೀರು ಬೇಗ ತಣ್ಣಗಾದರೆ ಉಳಿದಷ್ಟು ಪಾಚಿ ಮತ್ತೆ ಹೆಚ್ಚಿ ಕೆಲವು ವಾರ, ತಿಂಗಳುಗಳಲ್ಲಿ ಹವಳ ಕಂದಿಗೆ ಮರಳಬಲ್ಲದು. ತಣ್ಣಗಾಗದಿದ್ದರೆ ಸಾಯುತ್ತದೆ. ಸತ್ತ ಮೇಲಾದರೂ ಬಿಳಿಯಾಗಿ ಉಳಿಯುತ್ತದೆಯೇ ಎಂದರೆ ಅದೂ ಇಲ್ಲ. ಖಾಲಿ ಗೂಡಿನ ಮೇಲೆ ಬೇಗನೆ ನಾರುಪಾಚಿ ಹತ್ತಿಕೊಂಡು ಎಲ್ಲವೂ ಕಂದು-ಹಸಿರಾಗುತ್ತದೆ. ಬದುಕಿರುವಾಗಲೂ ಕಂದು, ಸತ್ತ ಮೇಲೂ ಕಂದು. ನಡುವೆ ಸ್ವಲ್ಪ ಕಾಲ ಮಾತ್ರ ಬಿಳಿ. ಹವಳದ ಆರೋಗ್ಯವನ್ನು ಚಿತ್ರಿಸುವವರ ನಿಜವಾದ ಕಷ್ಟ ಇರುವುದು ಇಲ್ಲಿ. ಯಾವ ಚಿತ್ರವನ್ನಾದರೂ ನಾನು ಅಳೆಯುವುದು ಇದರಿಂದಲೇ: ಈ ಎರಡು ಕಂದುಗಳನ್ನು ಬೇರೆ ಮಾಡಿ ತೋರಿಸಲು ಅದಕ್ಕೆ ಆಗುತ್ತದೆಯೇ?

ಜಗತ್ತಿನಲ್ಲಿ ಅತಿ ಹೆಚ್ಚು ಓಡಾಡಿದ ಹವಳದ ಚಿತ್ರಗಳಲ್ಲಿ ಒಂದನ್ನು ಈ ಪರೀಕ್ಷೆಗೆ ಒಡ್ಡೋಣ. ಹವಳದ ದಿಬ್ಬಗಳನ್ನು ಫೋಟೋಗಳಲ್ಲಿ ದಾಖಲಿಸಿದ ಎಕ್ಸ್‌ಎಲ್ ಕ್ಯಾಟ್ಲಿನ್ ಸೀವ್ಯೂ ಸರ್ವೆಯವರು ಅಮೆರಿಕನ್ ಸಮೋವಾದ ಒಂದೇ ಜಾಗದಲ್ಲಿ ತೆಗೆದ ಮೂರು ಫೋಟೋಗಳ ಜೋಡಣೆ ಅದು: 2014ರ ಡಿಸೆಂಬರ್, 2015ರ ಫೆಬ್ರುವರಿ, 2015ರ ಆಗಸ್ಟ್. ಮೊದಲನೆಯದರಲ್ಲಿ ಕವಲೊಡೆದ ಹವಳದ ಪೊದೆಗಳು ತಿಳಿಗಂದು, ಎರಡನೆಯದರಲ್ಲಿ ಹಿಮದಷ್ಟು ಬಿಳಿ, ಮೂರನೆಯದರಲ್ಲಿ ಪಾಚಿ ಮೆತ್ತಿ ಕಪ್ಪುಗಂದು. ಈ ಕೃತಿಯ ದೊಡ್ಡಗುಣ ಮೂರನೆಯ ಚೌಕಟ್ಟು. ಎಷ್ಟೋ ಪೋಸ್ಟರುಗಳು ಬಿಳಿಯ ಬಳಿ ನಿಂತುಬಿಟ್ಟಾಗ, ಬಿಳಿಯಾಚೆಗೂ ಒಂದು ಹಂತವಿದೆ ಎಂದು ಇದು ತೋರಿಸಿತು. ಜೊತೆಗೆ ಮೊದಲ ಚೌಕಟ್ಟಿಗೆ ಸುಳ್ಳು ಬಣ್ಣ ಬಳಿಯಲಿಲ್ಲ. ಆದರೂ ಇದನ್ನು ಕಂಡವರ ಕಣ್ಣು ನಡುವಿನ ಬಿಳಿಯಲ್ಲೇ ನೆಡುತ್ತದೆ. ಮೊದಲನೆಯದನ್ನೂ ಮೂರನೆಯದನ್ನೂ ಬಿಡಿಬಿಡಿಯಾಗಿ, ಬೇರೆ ಬೇರೆ ದಿನ ಒಬ್ಬ ಹೊಸಬನ ಕೈಗಿತ್ತು ಯಾವುದು ಬದುಕಿದೆ ಎಂದು ಕೇಳಿದರೆ ಅವನು ತಡವರಿಸುತ್ತಾನೆ. ಅಕ್ಕಪಕ್ಕ ಇಟ್ಟಾಗ ಮಾತ್ರ ವ್ಯತ್ಯಾಸ ಕಾಣುತ್ತದೆ, ಸಮುದ್ರದಡಿ ಇಳಿದವನಿಗೆ ಅಕ್ಕಪಕ್ಕ ಎರಡು ಕಾಲ ಸಿಗುವುದಿಲ್ಲ. ಸಾಕ್ಷಿಯಾಗಿ ಈ ಕೃತಿ ಬಲಿಷ್ಠ, ಪಾಠವಾಗಿ ಅರ್ಧಕ್ಕೆ ನಿಂತದ್ದು.

ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ಪ್ರಕಟಿಸಿದ ಮಾಹಿತಿಚಿತ್ರ ಇನ್ನೊಂದು ಬಗೆಯದು. ಶಾಲೆಗಳಲ್ಲಿ ಬಹಳ ಬಳಕೆಯಲ್ಲಿರುವ ಈ ಚಿತ್ರದಲ್ಲಿ ಮೂರು ಹಂತ: ಆರೋಗ್ಯವಂತ ಹವಳ, ಒತ್ತಡಕ್ಕೆ ಸಿಕ್ಕ ಹವಳ, ಬಿಳಿಚಿದ ಹವಳ. ಹವಳವೂ ಪಾಚಿಯೂ ಒಂದನ್ನೊಂದು ನೆಚ್ಚಿ ಬದುಕುವ ಬಗೆಯನ್ನು ಇಷ್ಟು ಸುಲಭವಾಗಿ ಹೇಳಿದ ಚಿತ್ರ ಕಡಿಮೆ. ಮೂರನೆಯ ಹಂತದಲ್ಲಿ ‘ಸತ್ತ’ ಎಂದು ಬರೆಯದೆ, ಹವಳ ದುರ್ಬಲವಾಗಿದೆ ಎಂದಷ್ಟೇ ಹೇಳುವ ಸಂಯಮವೂ ಮೆಚ್ಚುವಂಥದ್ದು. ಕೆಳಗಡೆ ಕಾರಣಗಳಿವೆ: ಸಮುದ್ರದ ಉಷ್ಣತೆಯ ಬದಲಾವಣೆ, ನೆಲದಿಂದ ಹರಿದು ಬರುವ ಕೊಳಕು, ಅತಿಯಾದ ಬಿಸಿಲು, ವಿಪರೀತ ಇಳಿತ. ಉಷ್ಣತೆಯೇ ಮುಖ್ಯ ಕಾರಣ ಎಂದು ಅಕ್ಷರದಲ್ಲಿ ಬರೆದಿದ್ದಾರೆ. ಆದರೆ ಚಿತ್ರದಲ್ಲಿ ನಾಲ್ಕಕ್ಕೂ ಸಮಪಾಲು. ಮಕ್ಕಳು ಮೊದಲು ಓದುವುದು ಅಕ್ಷರವನ್ನಲ್ಲ, ಅಳತೆಯನ್ನು. ಸಾವಿರಾರು ಕಿಲೋಮೀಟರು ಉದ್ದಕ್ಕೂ ದಿಬ್ಬಗಳನ್ನು ಒಂದೇ ಬೇಸಿಗೆಯಲ್ಲಿ ಬಿಳಿಚಿಸುವ ಶಾಖವನ್ನೂ ಒಂದು ಖಾರಿಯಲ್ಲಿ ಒಂದು ಮಧ್ಯಾಹ್ನ ಬರುವ ಇಳಿತವನ್ನೂ ಒಂದೇ ಗಾತ್ರದಲ್ಲಿ ಬರೆದರೆ, ಅಕ್ಷರ ಹೇಳಿದ ಸತ್ಯವನ್ನು ಗೆರೆ ಅಳಿಸಿಹಾಕುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಕಾಲದ್ದು. ಶಾಖ ಹವಳವನ್ನು ಕೊಲ್ಲುವುದು ಎಷ್ಟು ಏರಿತು ಎಂಬುದರಿಂದ ಮಾತ್ರವಲ್ಲ, ಎಷ್ಟು ದಿನ ಇಳಿಯದೆ ಕೂತಿತು ಎಂಬುದರಿಂದಲೂ. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚು ಶಾಖ ಒಂದು ವಾರ ನಿಂತರೆ ಅದನ್ನು ಒಂದು ಡಿಗ್ರಿ-ವಾರ ಎಂದು ಎಣಿಸುತ್ತಾರೆ. ಹನ್ನೆರಡು ವಾರಗಳ ಮೊತ್ತ 4 ದಾಟಿದರೆ ಗಮನಾರ್ಹ ಬಿಳಿಚುವಿಕೆ, 8 ದಾಟಿದರೆ ತೀವ್ರ ಬಿಳಿಚುವಿಕೆ ಮತ್ತು ಸಾವು ಎದುರಾಗುತ್ತದೆ. ಈ ಲೆಕ್ಕ ಇಟ್ಟು ಉಪಗ್ರಹದಿಂದ ಎಚ್ಚರಿಕೆ ಕೊಡುತ್ತಿರುವುದೂ ನೋವಾ ಸಂಸ್ಥೆಯೇ. ಅಷ್ಟು ಚೊಕ್ಕವಾದ ಅಳತೆ ಮನೆಯಲ್ಲೇ ಇದ್ದೂ ಮಕ್ಕಳ ಚಿತ್ರದಲ್ಲಿ ಉಷ್ಣತೆ ಏರಿತು ಎಂದಷ್ಟೇ ಹೇಳಿ ತೃಪ್ತಿಪಟ್ಟದ್ದು ನನಗೆ ನುಂಗಲಾಗದ ತುತ್ತು. ವಾರಕ್ಕೊಂದು ಮನೆಯಂತೆ ಹನ್ನೆರಡು ಮನೆಯ ಪಟ್ಟಿಯೊಂದನ್ನು ಹವಳದ ಕೆಳಗೆ ಎಳೆದು ಶಾಖ ತುಂಬುತ್ತ ಹೋಗುವುದನ್ನು ತೋರಿಸಿದ್ದರೆ ಸಾಕಿತ್ತು.

ನಾನು ಮನಸಾರೆ ಒಪ್ಪಿಕೊಂಡಿರುವ ಕೃತಿ ಬೇರೆ, ಅದನ್ನು ಯಾರೂ ಚಿತ್ರವೆಂದು ಕರೆಯುವುದಿಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿರುವ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಕೋರಲ್‌ವಾಚ್ ಯೋಜನೆಯ ‘ಹವಳ ಆರೋಗ್ಯ ಪಟ್ಟಿ’ ಅದು. ಅಂಗೈಯಲ್ಲಿ ಹಿಡಿಯಬಹುದಾದ, ನೀರಿಗೆ ನೆನೆಯದ ಚೌಕದ ಹಾಳೆ. ನಾಲ್ಕು ಅಂಚುಗಳಲ್ಲಿ ನಾಲ್ಕು ಬಣ್ಣದ ಸಾಲು, ಬಿ, ಸಿ, ಡಿ, ಇ ಎಂದು ಹೆಸರು. ಪ್ರತಿ ಸಾಲಿನಲ್ಲೂ 1ರಿಂದ 6ರವರೆಗೆ, ತೀರ ಪೇಲವದಿಂದ ಗಾಢದವರೆಗೆ ಆರು ಮೆಟ್ಟಿಲು. ಹವಳದ ಪಕ್ಕ ಹಿಡಿದು, ಅದರ ಅತಿ ತಿಳಿಯಾದ ಭಾಗಕ್ಕೆ ಹೊಂದುವ ಚೌಕವನ್ನು ಪಟ್ಟಿ ತಿರುಗಿಸುತ್ತ ಹುಡುಕಬೇಕು. ಆಮೇಲೆ ಅತಿ ಗಾಢವಾದ ಭಾಗಕ್ಕೆ ಹೊಂದುವುದನ್ನು. ಎರಡನ್ನೂ ಬರೆದುಕೊಳ್ಳಬೇಕು. ಹವಳ ಕವಲಿನದೋ, ಗುಂಡನೆಯದೋ, ತಟ್ಟೆಯಂಥದೋ, ಮೆದುವೋ ಎಂದು ಗುರುತು ಹಾಕಬೇಕು. ಕೆಲಸ ಇಷ್ಟೇ.

ಇದನ್ನು ರೂಪಿಸಿದವರಲ್ಲಿ ಉಲ್ರಿಕೆ ಸೀಬೆಕ್ ಮತ್ತು ಜಸ್ಟಿನ್ ಮಾರ್ಷಲ್ ಇಬ್ಬರೂ ಸಮುದ್ರಜೀವಿಗಳ ಕಣ್ಣನ್ನು ಅಧ್ಯಯನ ಮಾಡಿದವರು. ಮಾಂಟಿಸ್ ಸೀಗಡಿಯ ಬಣ್ಣದೃಷ್ಟಿಯ ಬಗ್ಗೆ ಮಾರ್ಷಲ್ ಅವರ ಕೆಲಸ ಪ್ರಸಿದ್ಧ. ಹವಳತಜ್ಞ ಓವ್ ಹೋಗ್-ಗುಲ್ಡ್‌ಬರ್ಗ್ ಈ ಇಬ್ಬರಿಗೆ ಜೊತೆಯಾದರು. ಕಣ್ಣು ಹೇಗೆ ಮೋಸಹೋಗುತ್ತದೆ ಎಂದು ಬಲ್ಲವರು ಮಾಡಿದ್ದರಿಂದಲೇ ಪಟ್ಟಿ ನಮ್ಮ ನೆನಪನ್ನು ನಂಬುವುದಿಲ್ಲ. ‘ಹವಳ ಪೇಲವವಾಗಿದೆಯೇ?’ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ‘ಇದು ಡಿ-3ಕ್ಕೆ ಹೊಂದುತ್ತದೆಯೋ ಡಿ-5ಕ್ಕೋ?’ ಎಂದರೆ ಉತ್ತರಗಳು ಹತ್ತಿರ ಬರುತ್ತವೆ. 2006ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಎರಡು ಮೆಟ್ಟಿಲಿನಷ್ಟು ಬದಲಾವಣೆ ಕಂಡರೆ ಹವಳದೊಳಗಿನ ಪಾಚಿಯ ಪ್ರಮಾಣ ಬದಲಾಗಿದೆ ಎಂದು ಹೇಳಬಹುದು. ಸೂಜಿ ಚುಚ್ಚದೆ, ತುಣುಕು ಮುರಿಯದೆ.

ನಮ್ಮ ಭತ್ತದ ಬಯಲಿನ ರೈತರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಎಲೆಯ ಬಣ್ಣ ನೋಡಿ ಯೂರಿಯಾ ಹಾಕಬೇಕೋ ಬೇಡವೋ ಎಂದು ತಿಳಿಯಲು ಕೃಷಿ ವಿಜ್ಞಾನಿಗಳು ಕೊಡುವ ಹಸಿರು ಪಟ್ಟಿಗಳ ಸಾಧನದ್ದೂ ಇದೇ ತತ್ವ. ತೆಂಡೆಯೊಡೆಯುವ ಹೊತ್ತಿನಲ್ಲಿ ಗದ್ದೆಗಿಳಿದು, ಎಲೆಯನ್ನು ಪಟ್ಟಿಯ ಮೇಲಿಟ್ಟು, ತನ್ನ ನೆರಳಿನಲ್ಲಿ ಬಣ್ಣ ಹೋಲಿಸುವ ರೈತನಿಗೆ ಯಾರೂ ‘ಹಸಿರು ಒಳ್ಳೆಯದು, ಹಳದಿ ಕೆಟ್ಟದ್ದು’ ಎಂದು ಪಾಠ ಮಾಡುವುದಿಲ್ಲ. ಕಡುಹಸಿರು ಹೆಚ್ಚಾದರೂ ಕೇಡೇ ಎಂದು ಅವನಿಗೆ ಗೊತ್ತು. ಪಟ್ಟಿ ಅವನ ಕೈಗೆ ಅಳತೆ ಕೊಡುತ್ತದೆ, ತೀರ್ಮಾನವನ್ನು ಅವನಿಗೇ ಬಿಡುತ್ತದೆ. ಶೈಕ್ಷಣಿಕ ಚಿತ್ರ ಎಂದರೆ ಹೀಗಿರಬೇಕು ಎಂದು ನಾನು ವಾದಿಸುತ್ತೇನೆ. ಗೋಡೆಗೆ ಅಂಟಿಸಿದ ಪೋಸ್ಟರು ನೋಡುವವನಿಂದ ಮರುಕ ಬೇಡುತ್ತದೆ. ಈ ಪಟ್ಟಿ ಕೆಲಸ ಕೇಳುತ್ತದೆ.

ವಿನ್ಯಾಸದ ಇನ್ನೊಂದು ಜಾಣ್ಮೆಯನ್ನು ಹೇಳದೆ ಮುಂದೆ ಹೋಗಲಾರೆ. ಪಟ್ಟಿಯ ಅಂಕಿಗಳು ನಿಂತಿರುವುದು ಬಣ್ಣ ಯಾವುದು ಎಂಬುದರ ಮೇಲಲ್ಲ, ಎಷ್ಟು ತಿಳಿ, ಎಷ್ಟು ಗಾಢ ಎಂಬುದರ ಮೇಲೆ. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣಿಗೂ ತಿಳಿ-ಗಾಢ ಕಾಣುತ್ತದೆ. ಗುಲಾಬಿಯಿಂದ ಬಿಳಿಗೆ ಹೋಗುವ ಪೋಸ್ಟರನ್ನು ಸರ್ಕಾರಿ ಶಾಲೆಯೊಂದರ ಜೆರಾಕ್ಸ್ ಯಂತ್ರದಲ್ಲಿ ತೆಗೆದರೆ ಬೂದುಬಣ್ಣದ ಗುಡ್ಡೆ ಸಿಗುತ್ತದೆ; ತಿಳಿಯಿಂದ ಗಾಢಕ್ಕೆ ಏರುವ ಆರು ಮೆಟ್ಟಿಲು ಅಲ್ಲೂ ಆರು ಮೆಟ್ಟಿಲಾಗಿಯೇ ಉಳಿಯುತ್ತವೆ. ನಮ್ಮ ಪಠ್ಯಪುಸ್ತಕಗಳ ಚಿತ್ರಕಾರರು ಇದನ್ನೊಂದನ್ನು ಕಲಿತರೂ ಲಾಭ.

ಇಷ್ಟು ಹೊಗಳಿದ ಮೇಲೆ ಪಟ್ಟಿಯನ್ನೂ ಎರಡು ಕಂದುಗಳ ಅದೇ ಪರೀಕ್ಷೆಗೆ ಒಡ್ಡಬೇಕು. ಅಲ್ಲಿ ಅದು ಸೋಲುತ್ತದೆ. ಸತ್ತು ಪಾಚಿ ಹತ್ತಿದ ಕವಲಿನ ಪಕ್ಕ ಪಟ್ಟಿ ಹಿಡಿದರೆ 5ಕ್ಕೋ 6ಕ್ಕೋ ಹೊಂದಿಬಿಡಬಹುದು. ಹೆಣಕ್ಕೆ ಪೂರ್ಣ ಆರೋಗ್ಯದ ಅಂಕ ಸಿಕ್ಕಂತೆ. ಬದುಕಿರುವ ಹವಳವನ್ನಷ್ಟೇ ಅಳೆಯಬೇಕು ಎಂಬುದು ನಿಯಮ, ನಿಜ. ಆದರೆ ಬದುಕಿರುವುದು ಯಾವುದೆಂದು ಗುರುತಿಸುವ ವಿದ್ಯೆ ಬಳಸುವವನಿಗೆ ಮೊದಲೇ ಬಂದಿದೆ ಎಂದು ಪಟ್ಟಿ ಎಣಿಸಿಕೊಂಡಿದೆ. ಬಿಳಿಯ ವಿಷಯದಲ್ಲೂ ಅಷ್ಟೆ. ಕವಲು ಹವಳದ ಬೆಳೆಯುವ ತುದಿಗಳು ಸಹಜವಾಗಿಯೇ ಬಿಳಿ, ಅವನ್ನು ಬಿಟ್ಟು ಅಳೆಯಿರಿ ಎಂದು ಸೂಚನೆಯಿದೆ. ಗಿಳಿಮೀನು ಕೆರೆದ ಗಾಯವೂ ಬಿಳಿ, ಮುಳ್ಳುಕಿರೀಟದ ನಕ್ಷತ್ರಮೀನು ತಿಂದುಬಿಟ್ಟ ಜಾಗವೂ ಬಿಳಿ. ಇವನ್ನು ಬೇರ್ಪಡಿಸಲು ಬಣ್ಣದ ಚೌಕಕ್ಕೆ ಆಗದು. ಆಳಕ್ಕೆ ಹೋದಂತೆ ನೀರು ಕೆಂಪು ಬೆಳಕನ್ನು ಹೀರಿ ಕಂದನ್ನೇ ಬದಲಿಸುತ್ತದೆ, ಟಾರ್ಚ್ ಬೇಕಾಗುತ್ತದೆ. ಬಿಸಿಲು, ಉಪ್ಪುನೀರು ಮುದ್ರಿತ ಬಣ್ಣವನ್ನು ತಿನ್ನುತ್ತವೆ, ಹಳೆಯ ಪಟ್ಟಿ ಸುಳ್ಳು ಹೇಳತೊಡಗುತ್ತದೆ.

ಹೀಗಾಗಿ ಗೆರೆ ಎಳೆಯುವವರಿಗೆ ಇಲ್ಲಿ ದೊಡ್ಡ ಕೆಲಸ ಉಳಿದಿದೆ, ಅದು ಕ್ಯಾಮೆರಾಕ್ಕೂ ಪಟ್ಟಿಗೂ ಆಗದ ಕೆಲಸ. ಎರಡು ಕಂದುಗಳ ನಡುವಿನ ವ್ಯತ್ಯಾಸ ಬಣ್ಣದಲ್ಲಿಲ್ಲ, ಮೇಲ್ಮೈಯಲ್ಲಿದೆ. ಜೀವಂತ ಹವಳದ ಮೇಲೆ ಪಾಲಿಪ್ಪುಗಳ ಗೂಡುಗಳು ಒಂದು ಲಯದಲ್ಲಿ ಕೂತಿರುತ್ತವೆ. ಬಾಯಿ, ಅದರ ಸುತ್ತ ಒಳಸೇದಿಕೊಂಡ ಗ್ರಹಣಾಂಗಗಳು, ಗೂಡಿನಿಂದ ಗೂಡಿಗೆ ಹಬ್ಬಿದ ತೆಳುವಾದ ಚರ್ಮ. ಅಂಚು ಚೂಪು. ಸತ್ತದ್ದರ ಮೇಲೆ ಆ ಲಯವೆಲ್ಲ ಕಲಸಿಹೋಗಿರುತ್ತದೆ. ನಾರುಪಾಚಿ ಹೂಳನ್ನು ಹಿಡಿದಿಟ್ಟುಕೊಂಡು ಗೂಡಿನ ಬಾಯಿಗಳನ್ನು ಮುಚ್ಚಿರುತ್ತದೆ, ಅಂಚು ಮೊಂಡು. ಇದನ್ನು ತೋರಿಸಲು ಬೇಕಾದದ್ದು ಬಣ್ಣದ ಡಬ್ಬಿಯಲ್ಲ, ಒಂದು ಪೆನ್ಸಿಲು. ಹತ್ತು ಸೆಂಟಿಮೀಟರು ಅಗಲದ ಒಂದೇ ತುಣುಕನ್ನು ಎರಡು ಸಲ, ಬಣ್ಣವೇ ಇಲ್ಲದೆ ಬರೆದರೆ ಮಕ್ಕಳು ಜನ್ಮದಲ್ಲಿ ಮರೆಯಲಾರರು. ಫೋಟೋ ಎಲ್ಲವನ್ನೂ ಸಮವಾಗಿ ಹಿಡಿಯುತ್ತದೆ. ಯಾವುದು ಮುಖ್ಯ ಎಂದು ಆರಿಸುವ ಅಧಿಕಾರ ಗೆರೆಗಿದೆ.

ಆ ಅಧಿಕಾರವನ್ನು ಹಿಂದಿನವರು ಬೇರೆ ಕಡೆ ಖರ್ಚು ಮಾಡಿದರು. ಜರ್ಮನ್ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1873ರಲ್ಲಿ ಕೆಂಪುಸಮುದ್ರದ ದಡಕ್ಕೆ ಹೋಗಿ ಬಂದು 1876ರಲ್ಲಿ ಅರೇಬಿಯಾದ ಹವಳಗಳ ಬಗ್ಗೆ ಚಿತ್ರಸಮೇತ ಪುಸ್ತಕ ತಂದ. 1893ರಲ್ಲಿ ಕಡಲಜೀವಿ ತಜ್ಞ ವಿಲಿಯಂ ಸ್ಯಾವಿಲ್-ಕೆಂಟ್ ಗ್ರೇಟ್ ಬ್ಯಾರಿಯರ್ ರೀಫ್ ಬಗೆಗಿನ ತನ್ನ ಗ್ರಂಥದಲ್ಲಿ ಬಣ್ಣದ ಕಲ್ಲಚ್ಚು ಚಿತ್ರಗಳನ್ನು ಕೊಟ್ಟ. ಹವಳ, ಮೀನುಗಳ ಬಣ್ಣವೈಭವ ಹಾಳೆ ತುಂಬ ಕಿಕ್ಕಿರಿದಿತ್ತು. ಒಂದೇ ಚೌಕಟ್ಟಿನಲ್ಲಿ ಎಲ್ಲವೂ ಇರಬೇಕು, ಎಲ್ಲವೂ ಮಿನುಗಬೇಕು ಎಂಬ ಆಸೆ ಇಂದಿನ ಪೋಸ್ಟರಿಗೆ ಹರಿದುಬಂದಿರುವುದು ಇಂಥ ಪರಂಪರೆಯಿಂದಲೇ. ಆದರೆ ಅದೇ ಸ್ಯಾವಿಲ್-ಕೆಂಟ್ ಇಳಿತದ ಹೊತ್ತಿನಲ್ಲಿ ಬಯಲಾದ ದಿಬ್ಬಗಳ ಕಪ್ಪು-ಬಿಳುಪು ಫೋಟೋಗಳನ್ನೂ ತೆಗೆದಿದ್ದ. ನೂರು ವರ್ಷದ ನಂತರ ವಿಜ್ಞಾನಿಗಳು ದಿಬ್ಬದ ಬದಲಾವಣೆಯನ್ನು ಅಳೆಯಲು ಹುಡುಕಿಕೊಂಡು ಹೋದದ್ದು ಆ ಬಣ್ಣಗೆಟ್ಟ ಫೋಟೋಗಳನ್ನು.

ಮೀನಿನ ವಿಷಯಕ್ಕೆ ಬರುತ್ತೇನೆ. ಪೋಸ್ಟರುಗಳಲ್ಲಿ ಈಜುವ ಮೀನು ಬಹುಮಟ್ಟಿಗೆ ಕಿತ್ತಳೆ-ಬಿಳಿ ಪಟ್ಟೆಯ ಕೋಡಂಗಿಮೀನು. ಅದು ವಾಸಿಸುವುದು ಕಡಲಹೂವು (ಸೀ ಅನಿಮೋನ್) ಎಂಬ ಜೀವಿಯಲ್ಲಿ. ದಿಬ್ಬದ ಆರೋಗ್ಯ ಅದರಿಂದ ತಿಳಿಯುವುದಿಲ್ಲ. ಇರಬೇಕಾದವು ಪಾಚಿ ಮೇಯುವ ಗಿಳಿಮೀನು, ಸರ್ಜನ್ ಮೀನು. ಸತ್ತ ಹವಳದ ಮೇಲೆ ಹತ್ತುವ ಪಾಚಿಯನ್ನು ಇವು ಬೋಳು ಮಾಡಿದರೆ ಮಾತ್ರ ಹವಳದ ಮರಿಗಳಿಗೆ ಅಂಟಿಕೊಳ್ಳಲು ಜಾಗ ಸಿಗುತ್ತದೆ. ಲಕ್ಷದ್ವೀಪ ಇದಕ್ಕೆ ಒಳ್ಳೆಯ ಉದಾಹರಣೆ. ಮೈಸೂರಿನಲ್ಲಿ ನೆಲೆಯಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ರೋಹನ್ ಆರ್ಥರ್ ಮತ್ತು ಸಂಗಡಿಗರು ಅಲ್ಲಿನ ದಿಬ್ಬಗಳನ್ನು 1998ರಿಂದ ಗಮನಿಸುತ್ತ ಬಂದಿದ್ದಾರೆ. ದ್ವೀಪದವರು ದೂರದ ಕಡಲಿನಲ್ಲಿ ಕೋಲುಗಾಳದಿಂದ ಟ್ಯೂನಾ ಹಿಡಿದು ಬದುಕುತ್ತಿದ್ದುದರಿಂದ ದಿಬ್ಬದ ಮೀನುಗಳ ಮೇಲೆ ಬೇಟೆಯ ಒತ್ತಡ ಕಡಿಮೆಯಿತ್ತು. 1998ರ ಬಿಳಿಚುವಿಕೆಯ ನಂತರ ಹಲವು ಕಡೆ ಹವಳ ಚೇತರಿಸಿಕೊಂಡದ್ದಕ್ಕೆ ಅದೂ ಕಾರಣ. ಆದರೆ 2010, 2016ರಲ್ಲಿ ಶಾಖ ಮತ್ತೆ ಮತ್ತೆ ಬಂತು. 24 ವರ್ಷಗಳಲ್ಲಿ ಜೀವಂತ ಹವಳದ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿದೆ. ಪಶ್ಚಿಮ ಆಸ್ಟ್ರೇಲಿಯಾದ ಸ್ಕಾಟ್ ರೀಫ್‌ನಲ್ಲಿ 1998ರ ಹೊಡೆತದ ನಂತರ ಶೇಕಡಾ 9ಕ್ಕೆ ಕುಸಿದ ಹೊದಿಕೆ ಹನ್ನೆರಡು ವರ್ಷಗಳಲ್ಲಿ 44ಕ್ಕೆ ಏರಿತ್ತು. 2016ರಲ್ಲಿ ಅದೂ ಮತ್ತೆ ಬಿಳಿಚಿತು. ಆರೋಗ್ಯವೆಂದರೆ ಬಿದ್ದು ಏಳುವ ಶಕ್ತಿ, ಏಳಲು ಸಿಗುವ ಬಿಡುವು. ಎಡದಿಂದ ಬಲಕ್ಕೆ ಹೋಗುವ ಒಂದೇ ಬಾಣದಲ್ಲಿ ಇದಕ್ಕೆ ಜಾಗವಿಲ್ಲ. ಹಿಂದಕ್ಕೆ ಬರುವ ಬಾಣವೂ ಬೇಕು, ಅದರ ಮೇಲೆ ವರ್ಷಗಳ ಲೆಕ್ಕವೂ ಬೇಕು.

ಕನ್ನಡದಲ್ಲಿ ಇಂಥ ಚಿತ್ರವೊಂದನ್ನು ಬರೆಯುವವರಿಗೆ ಇನ್ನೊಂದು ತೊಡಕಿದೆ. ತಾಳಿಸರದ ಕೆಂಪು ಮಣಿಯನ್ನು ಕಂಡು ಬೆಳೆದ ನಮ್ಮ ಮಕ್ಕಳಿಗೆ ಹವಳ ಕೆಂಪು, ಗಟ್ಟಿ, ನಿರ್ಜೀವ. ಆ ಮಣಿಯ ಹವಳ ಮೆಡಿಟರೇನಿಯನ್ನಿನಂಥ ಕಡಲುಗಳ ಬೇರೆ ಕುಲದ್ದು, ದಿಬ್ಬ ಕಟ್ಟುವುದಿಲ್ಲ. ಮೊದಲ ಚೌಕಟ್ಟಿನಲ್ಲೇ ಇದನ್ನು ಬಿಡಿಸಿ ಹೇಳದಿದ್ದರೆ ಮುಂದಿನದೆಲ್ಲ ವ್ಯರ್ಥ. ಎರಡನೆಯದಾಗಿ, ಪೋಸ್ಟರಿನಲ್ಲಿ ಕಾಣುವ ತಿಳಿನೀಲಿ ಕಡಲು ನಮ್ಮದಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ತಲುಪುವ ನೇತ್ರಾಣಿ ದ್ವೀಪದಲ್ಲಿ ಹವಳ ಬೆಳೆದಿರುವುದು ಬಂಡೆಗಳ ಮೇಲೆ ಅಲ್ಲಲ್ಲಿ. ಮಳೆಗಾಲದ ಕದಡಿದ ನೀರು, ಹೂಳು ಅದರ ನಿತ್ಯದ ಸಂಗಾತಿ. ಅಲ್ಲಿಗೆ ಸ್ಕೂಬಾಕ್ಕೆಂದು ಹೋಗುವ ಬೆಂಗಳೂರಿನ ಹುಡುಗ ಹುಡುಗಿಯರು ಪೋಸ್ಟರಿನ ಬಣ್ಣ ಕಾಣದೆ, ಇಲ್ಲಿನ ಹವಳ ಹಾಳಾಗಿದೆ ಎಂದುಕೊಂಡು ಮರಳಿದರೆ ತಪ್ಪು ಅವರದಲ್ಲ.

ನೇತ್ರಾಣಿಗೆ ಹೋಗುವ ದೋಣಿಯಲ್ಲಿ ಕೈಗೆ ಕೊಡಬಹುದಾದ ಒಂದು ಹಾಳೆ ನನಗೆ ಬೇಕು. ಒಂದು ಬದಿಯಲ್ಲಿ ಆ ದ್ವೀಪದ ಗುಂಡುಹವಳವೊಂದರ ಪೆನ್ಸಿಲ್ ಚಿತ್ರ, ಜೀವಂತವಾಗಿ ಒಮ್ಮೆ, ಪಾಚಿ ಹತ್ತಿದ ಮೇಲೆ ಒಮ್ಮೆ, ಗೂಡುಗಳ ಗಾತ್ರ ನಿಜದಳತೆಯಲ್ಲಿ. ಹೂಳು ಕೂತ ಜೀವಂತ ಹವಳ ಹೇಗಿರುತ್ತದೆ ಎಂದು ಮೂರನೆಯ ಸಲ. ಕೆಳಗೆ ತಿಳಿಯಿಂದ ಗಾಢಕ್ಕೆ ಆರು ಮೆಟ್ಟಿಲು. ಇನ್ನೊಂದು ಬದಿಯಲ್ಲಿ ಚಿತ್ರವೇ ಬೇಡ. ದಿನಾಂಕ, ಆಳ, ನೀರಿನ ತಿಳಿ, ಹವಳದ ಆಕಾರ, ಅತಿ ತಿಳಿಯಾದ ಅಂಕ, ಅತಿ ಗಾಢವಾದ ಅಂಕ, ಮೇಯುವ ಮೀನು ಕಂಡಿತೇ ಇಲ್ಲವೇ ಎಂದು ಖಾಲಿ ಕಾಲಮ್ಮುಗಳು. ತುಂಬಿದ ಹಾಳೆಯನ್ನು ದೋಣಿಯವರು ತೆಗೆದಿಟ್ಟುಕೊಂಡು, ಮುಂದಿನ ಬೇಸಿಗೆಯಲ್ಲಿ ಅದೇ ಬಂಡೆಯ ಬಳಿ ಇಳಿಯುವವರಿಗೆ ತೋರಿಸಬೇಕು.